ಮುಸುಕು ಈಗ್ಲೇ ತೆಗೀಬ್ಯಾಡ

ಪ್ರಶ್ನೆ: ಸರ, ನಾ ಮೊದಲ್ನೇ ಕಾಮಿಕ್ ಬರ್ಯಾಕತ್ತೀನ್ರಿ, ರಾತ್ರಿ ಮುಸುಕು ಹಾಕ್ಕೊಂಡು ಬಡ್ಡಿ ದಂಧೆಯವ್ರನ್ನ ಹೊಡಿಯೋನ ಬೆನ್ನಹತ್ತಿದ ಪೇಪರ್ ವರದಿಗಾರ್ತಿ ಕತಿ. ಅವ ಯಾರಂತ ಮೊದಲ ಸಂಚಿಕ್ಯಾಗ ಹೇಳ್ಬೇಕೇನ್ರಿ?
– ಓದುಗ, ವಿಜಯಪುರ

ಉತ್ತರ: ಬ್ಯಾಡ ತಮ್ಮಾ. ಅವನಕಿಂತ ಆಕಿ ಮುಖ್ಯ, ಆಕಿ ಯಾಕ ಬೆನ್ನಬಿದ್ದಾಳ, ಸುದ್ದಿ ಬರದ್ರ ಯಾರಿಗೆ ಕುತ್ತು ಅನ್ನೋದು ಮೊದ್ಲ ಗಟ್ಟಿ ಮಾಡ್ಕೋ. ನಿಮ್ಮೂರಾಗ ಗೋಳಗುಮ್ಮಟ ಐತಲ್ಲ, ಮ್ಯಾಲಿನ ಗ್ಯಾಲರಿಯೊಳಗ ಈ ಕಡೆ ಪಿಸುಗುಟ್ಟಿದ್ರ ಸುಮಾರು 38 ಮೀಟರ್ ಆಚೆ ಕೇಳಸ್ತೈತಿ, ಅಲ್ಲೇ ಆಕಿಗೆ ಅವನ ದನಿ ಕೇಳಸ್ಲಿ ಮಾರಿ ಮಾತ್ರ ಕಾಣೋದು ಬ್ಯಾಡ, ಇಂಥ ಜಾಗಾ ಬಿಟ್ರ ನನಗ ಖರೇನ ಬ್ಯಾಸರ ಆಗ್ತೈತಿ. ಹಾಂ, ಬೆಚ್ಚಿಬೀಳಿಸೋ ಚಿತ್ರ ಪುಟ ತಿರುವಿದ ಕೂಡ್ಲೇ ಕಾಣೋ ಎಡಪುಟಕ್ಕ ಇಡು, ಬಲಕ್ಕಿಟ್ರ ಎಡಗಡೆದು ಓದೂಕಿಂತ ಮೊದ್ಲ ಕಣ್ಣು ಅಲ್ಲಿ ಹೋಗಿಬಿಡ್ತೈತಿ.