ತೈವಾನಿನ ಜಿಂಗ್‌ಮೈ ಸೆರೆಮನೆಯನ್ನು ಮಾನವ ಹಕ್ಕುಗಳ ಸ್ಮಾರಕ ಉದ್ಯಾನವನ್ನಾಗಿ ಮಾಡಿದ್ದೇಕೆ?

ತೈವಾನಿನಲ್ಲಿ 1949ರಿಂದ 1987ರವರೆಗೆ ಸೇನಾ ಕಾನೂನು ಜಾರಿಯಲ್ಲಿತ್ತು. ಸರ್ಕಾರವನ್ನು ವಿರೋಧಿಸಿದ ನಾಗರಿಕರನ್ನೂ ಸೇನಾ ನ್ಯಾಯಾಲಯಗಳೇ ವಿಚಾರಣೆಗೆ ಒಳಪಡಿಸುತ್ತಿದ್ದ ಆ ಕಾಲದಲ್ಲಿ, ತೈಪೆ ನಗರದ ಅಂಚಿನ ಜಿಂಗ್‌ಮೈಯ ಒಂದೇ ಆವರಣದೊಳಗೆ ನ್ಯಾಯಾಲಯವೂ ಸೆರೆಮನೆಯೂ ಇದ್ದವು. 1979ರಲ್ಲಿ ಕಾವ್‌ಶುಂಗ್ ನಗರದಲ್ಲಿ ಪ್ರಜಾಪ್ರಭುತ್ವಕ್ಕಾಗಿ ನಡೆದ ಪ್ರತಿಭಟನೆಯ ನಾಯಕರನ್ನು 1980ರಲ್ಲಿ ವಿಚಾರಿಸಿದ್ದು ಇಲ್ಲಿಯೇ. ಅಂದು ಆರೋಪಿಯಾಗಿ ನಿಂತಿದ್ದ ಆನೆಟ್ ಲೂ 2000ದಲ್ಲಿ ತೈವಾನಿನ ಉಪಾಧ್ಯಕ್ಷೆಯಾದರು. ಪ್ರತಿವಾದಿಗಳ ವಕೀಲರಲ್ಲೊಬ್ಬರಾಗಿದ್ದ ಚೆನ್ ಶುಯಿ-ಬಿಯಾನ್ ಅಧ್ಯಕ್ಷರಾದರು.

ಕಟ್ಟಡಗಳನ್ನು ಕೆಡವದೆ ಉಳಿಸಿಕೊಂಡದ್ದು ಬಹು ದೊಡ್ಡ ವಿವೇಕವೆಂದೇ ನನ್ನ ಭಾವನೆ. ಕೈದಿಗಳು ಗಾಜಿನ ಆಚೆ ಕುಳಿತ ಮನೆಯವರೊಡನೆ ಟೆಲಿಫೋನಿನಲ್ಲಿ, ಅದೂ ಸಿಬ್ಬಂದಿ ಆಲಿಸುತ್ತಿರುವಾಗಲೇ, ಮಾತನಾಡಬೇಕಿದ್ದ ಭೇಟಿಯ ಕೋಣೆಯನ್ನು ಇಂದಿಗೂ ನೋಡಬಹುದು. 2007ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಆವರಣವೂ ರಾಜಕೀಯ ಕೈದಿಗಳನ್ನು ಇರಿಸುತ್ತಿದ್ದ ಗ್ರೀನ್ ಐಲ್ಯಾಂಡ್ ದ್ವೀಪದ ಹಳೆಯ ಸೆರೆಮನೆಯೂ 2018ರಿಂದ ರಾಷ್ಟ್ರೀಯ ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದ ಅಧೀನದಲ್ಲಿವೆ.