ಅಪ್ಪನ ಕಾಲದ ಕಾನ್ಸ್ಟಲೇಷನ್: ಒಳಗೆ ಪೂರ್ತಿ ಸರ್ವಿಸ್ ಮಾಡಿಸಿ, ಡಯಲ್ ಮಾತ್ರ ಮುಟ್ಟಿಸಬೇಡಿ

ನಮಸ್ಕಾರ ಸರ್. ನಿಮ್ಮ ತಂದೆಯವರ 1960ರ ದಶಕದ ಒಮೇಗಾ ಕಾನ್ಸ್ಟಲೇಷನ್ ವಾಚಿನ ಬಗ್ಗೆ ನೀವು ಕೇಳಿದ್ದು ಮೂರು ವಿಷಯ. ಕೈಯಲ್ಲಿದ್ದಾಗ ಓಡುತ್ತದೆ, ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನಿಂತಿರುತ್ತದೆ, ಯಾಕೆ? ಕಂಪನಿಗೆ ಕಳಿಸುವುದಾ, ಹೊರಗಿನ ವಾಚ್ ರಿಪೇರಿಯವರಿಗೆ ಕೊಡುವುದಾ? ಕಲೆ ಬಿದ್ದ ಡಯಲ್ ಬದಲಿಸಿ ಕೇಸ್ (ವಾಚಿನ ಲೋಹದ ಹೊರಕವಚ) ಪಾಲಿಶ್ ಮಾಡಿಸಲಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅಲ್ಲಿ ಎಡವಿದರೆ ಆಮೇಲೆ ಸರಿ ಮಾಡಲು ದಾರಿಯೇ ಇಲ್ಲ. ಎರಡೂ ಬೇಡ. ನಿಮ್ಮ ಫೋಟೋದಲ್ಲಿ ಪಟ್ಟಿ ಸೇರುವ ಕೊಂಬುಗಳ ಅಂಚು ಇನ್ನೂ ಚೂಪಾಗಿದೆ. ಹಿಂಬದಿಯ ವೀಕ್ಷಣಾಲಯದ ಚಿತ್ರ, ಅದರ ಮೇಲಿನ ಎಂಟು ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತಿವೆ. ಇದು ಅಪರೂಪ. ಪಾಲಿಶ್ ಅಂದರೆ ಲೋಹವನ್ನು ತೇಯುವುದು. ಪ್ರತಿ ಸಲವೂ ಅಂಚು ಸ್ವಲ್ಪ ಉರುಟಾಗುತ್ತದೆ, ಚಿತ್ರ ಸ್ವಲ್ಪ ಅಳಿಸುತ್ತದೆ. ಗೀರುಗಳು ಇದ್ದರೆ ಇರಲಿ, ಅವು ನಿಮ್ಮ ತಂದೆಯವರ ಕೈಯಲ್ಲಿ ಬಿದ್ದವು.

ಡಯಲ್ ವಿಷಯವೂ ಹಾಗೇ. ನಿಮ್ಮದು ಅಂಚಿನಲ್ಲಿ ಹನ್ನೆರಡು ಮುಖಗಳಾಗಿ ಇಳಿಯುವ ಡಯಲ್. ಹೊಸದಾಗಿ ಬಣ್ಣ ಹೊಡೆಯಬೇಕಾದರೆ ಹಳೆಯದನ್ನು ಕಿತ್ತು ತೆಗೆಯಬೇಕು. ಆಗ ಆ ಮಡಿಕೆಯ ಗೆರೆಗಳು ಮೊಂಡಾಗುತ್ತವೆ. ಮೇಲೆ ಅಚ್ಚು ಹಾಕಿದ ಅಕ್ಷರ ದಪ್ಪವಾಗಿ ಕೂರುತ್ತದೆ. ಸಂಗ್ರಹಕಾರರು ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ, ಬೆಲೆಯೂ ಬೀಳುತ್ತದೆ. ಆದರೆ ನೀವು ಮಾರುವವರಲ್ಲ, ಅಲ್ವಾ? ಹಾಗಾಗಿ ನನಗೆ ಬೆಲೆಗಿಂತ ಮುಖ್ಯ ಅನಿಸುವುದು ಬೇರೆ. ಅವರು ಅಷ್ಟು ವರ್ಷ ಸಮಯ ನೋಡಿದ್ದು ಇದೇ ಡಯಲ್‌ನಲ್ಲಿ.

ಈಗ ನಿಲ್ಲುವ ತೊಂದರೆ. ಕೊಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ವಾಚು ಪೂರ್ತಿ ನಿಂತ ಮೇಲೆ ಕೈಯಿಂದ 30-40 ಸುತ್ತು ಕೀಲಿ ಕೊಡಿ, ನಿಧಾನವಾಗಿ. ನಿಮ್ಮದರಂತೆ ಕೈ ಅಲುಗಾಟದಿಂದ ಕೀಲಿ ತುಂಬುವ ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಒಳಗೇ ಜಾರುತ್ತದೆ, ಹಾಗಾಗಿ ಜಾಸ್ತಿ ಆಯಿತೇನೋ ಎಂದು ಹೆದರಬೇಡಿ. ತಿರುಗಿಸುವಾಗ ಗಟ್ಟಿಯಾಗಿ ತಡೆದರೆ ಅಥವಾ ಕರಕರ ಎಂದರೆ ಅಲ್ಲಿಗೇ ಬಿಡಿ. ಇಲ್ಲವಾದರೆ ಡಯಲ್ ಮೇಲ್ಮುಖವಾಗಿ ಮೇಜಿನ ಮೇಲಿಟ್ಟು, ಎಷ್ಟು ಗಂಟೆ ಓಡಿತು ಬರೆದುಕೊಳ್ಳಿ. 40 ಗಂಟೆ ದಾಟಿದರೆ ಸ್ಪ್ರಿಂಗ್, ಚಕ್ರಗಳು ಒಂದು ಮಟ್ಟಿಗೆ ಚೆನ್ನಾಗಿವೆ. ಕೈ ಅಲುಗಾಟದಿಂದ ಕೀಲಿ ತುಂಬಿಸುವ ಭಾಗದಲ್ಲೇ ತೊಂದರೆ. ಕೈಯಿಂದ ಪೂರ್ತಿ ತುಂಬಿಸಿದರೂ ಹತ್ತು ಹದಿನೈದು ಗಂಟೆಗೆ ನಿಂತರೆ ಮೇನ್‌ಸ್ಪ್ರಿಂಗ್ (ಕೀಲಿ ತುಂಬುವ ಆ ಮುಖ್ಯ ಸ್ಪ್ರಿಂಗ್) ಸುಸ್ತಾಗಿದೆ, ಇಲ್ಲವೇ ಅದರ ಡಬ್ಬಿಯ ಗೋಡೆಯ ಗ್ರೀಸ್ ಒಣಗಿ ಸ್ಪ್ರಿಂಗ್ ಬೇಗ ಜಾರುತ್ತಿದೆ, ಇಲ್ಲವೇ ಚಕ್ರಗಳ ಎಣ್ಣೆ ಅಂಟಾಗಿದೆ. ಮೂರೂ ಒಟ್ಟಿಗೆ ಇರುವುದೂ ಉಂಟು.

ನಿಮ್ಮದರಲ್ಲಿ ತಾರೀಖಿನ ಕಿಟಕಿ ಇದೆ. ಒಳಗೆ 561 ಅಥವಾ 564 ನಂಬರಿನ ಮೂವ್‌ಮೆಂಟ್ (ವಾಚಿನ ಒಳಗಿನ ಯಂತ್ರ) ಇರುವ ಸಾಧ್ಯತೆ ಜಾಸ್ತಿ. ಬಹಳ ಒಳ್ಳೆಯ ಮೂವ್‌ಮೆಂಟ್, ತಾಮ್ರಬಣ್ಣದ ಲೇಪ, ಸವೆತ ತಡೆಯುವ 24 ಕಲ್ಲು, ಗಂಟೆಗೆ 19,800 ಬಡಿತ. ಈ ಮೂವ್‌ಮೆಂಟ್ ಕುಟುಂಬದಲ್ಲಿ ಸಾಮಾನ್ಯವಾಗಿ ಸವೆಯುವುದು ರೋಟರ್ (ಕೈ ಅಲುಗಾಟಕ್ಕೆ ತಿರುಗಿ ಕೀಲಿ ತುಂಬಿಸುವ ತೂಕ) ಕೂರುವ ಜಾಗ. ಸವೆದರೆ ರೋಟರ್ ಇಳಿಬಿದ್ದು ಹಿಂಬದಿ ಮುಚ್ಚಳಕ್ಕೆ ಉಜ್ಜುತ್ತದೆ. ಮುಚ್ಚಳ ತೆಗೆದಾಗ ಒಳಮೈಯಲ್ಲಿ ಬಳೆಯಾಕಾರದ ಗೀರು ಇದೆಯಾ ಎಂದು ಕೇಳಿ. ಕೈಯಲ್ಲಿದ್ದಾಗಲೂ ಸರಿಯಾಗಿ ಕೀಲಿ ತುಂಬದಿರಲು ಇದೇ ಕಾರಣ ಇರಬಹುದು.

ಸುಮ್ನೆ ಒಂದು ಹನಿ ಎಣ್ಣೆ ಬಿಟ್ಟು ಕೊಡುತ್ತೇನೆ ಎನ್ನುವವರ ಕೈಗೆ ದಯವಿಟ್ಟು ಕೊಡಬೇಡಿ. ಹಳೆ ಎಣ್ಣೆಗೆ ಲೋಹದ ಪುಡಿ ಸೇರಿ ಉಪ್ಪುಕಾಗದದ ಹಾಗೆ ತೇಯುತ್ತಿರುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿದ್ದರೆ ಕೊಳೆ ಇನ್ನಷ್ಟು ಒಳಗೆ ಹೋಗುತ್ತದೆ. ನಿಜವಾದ ಸರ್ವಿಸ್ ಎಂದರೆ ಮೂವ್‌ಮೆಂಟ್ ಪೂರ್ತಿ ಬಿಚ್ಚಿ, ಪ್ರತಿ ಭಾಗ ತೊಳೆದು, ಚಕ್ರಗಳ ಅಕ್ಷದ ತುದಿಗಳನ್ನು ಭೂತಗಾಜಿನಲ್ಲಿ ನೋಡಿ, ಹೊಸ ಮೇನ್‌ಸ್ಪ್ರಿಂಗ್ ಹಾಕಿ ಮತ್ತೆ ಜೋಡಿಸುವುದು. ಎಣ್ಣೆಯೂ ಒಂದೇ ಅಲ್ಲ. ವೇಗವಾಗಿ ತಿರುಗುವ ಕಡೆ ಮೋಬಿಯಸ್ ಎಂಬ ವಾಚ್ ಎಣ್ಣೆ ಬ್ರ್ಯಾಂಡಿನ 9010ರಂತಹ ತೆಳು ಎಣ್ಣೆ, ನಿಧಾನವಾಗಿ ಭಾರ ಹೊರುವ ಕಡೆ ದಪ್ಪ ಎಣ್ಣೆ, ಪ್ಯಾಲೆಟ್ (ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವ ಸಣ್ಣ ಕವಲು) ಕಲ್ಲುಗಳಿಗೆ 9415, ಸ್ಪ್ರಿಂಗ್ ಡಬ್ಬಿಯ ಗೋಡೆಗೆ ತಡೆಯುವ ಗ್ರೀಸ್. ಪ್ಯಾಲೆಟ್‌ನ ಅಕ್ಷದ ತುದಿಗಳಿಗೆ ಏನೂ ಹಾಕಬಾರದು. ಇದನ್ನೆಲ್ಲ ನೀವು ಪರೀಕ್ಷಿಸಲು ಆಗುವುದಿಲ್ಲ ನಿಜ. ಆದರೆ ಯಾವ ಎಣ್ಣೆ ಎಲ್ಲಿ ಹಾಕುತ್ತೀರಿ ಎಂದು ಕೇಳಿ ನೋಡಿ. ಕೆಲಸ ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ.

ವಾಪಸ್ ಕೊಡುವಾಗ ಟೈಮ್‌ಗ್ರಾಫರ್ ಅಂಕಿಗಳನ್ನು ಕೇಳಿ ಪಡೆಯಿರಿ. ಈ ಯಂತ್ರ ವಾಚಿನ ಬಡಿತ ಕೇಳಿ ಮೂರು ವಿಷಯ ಹೇಳುತ್ತದೆ. ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಎನ್ನುವುದು ಒಂದು. ಹಿಂದೆ ಮುಂದೆ ತೂಗಿ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಎನ್ನುವುದು ಎರಡನೆಯದು, ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. ಪೂರ್ತಿ ಕೀಲಿ ಕೊಟ್ಟು ಡಯಲ್ ಮೇಲ್ಮುಖವಾಗಿ ಇಟ್ಟಾಗ 270 ಡಿಗ್ರಿಯ ಆಸುಪಾಸು ಬಂದರೆ ಸಂತೋಷ. ಇಷ್ಟು ಹಳೆಯದರಲ್ಲಿ 250 ಬಂದರೂ ಒಪ್ಪಬಹುದು. 200ಕ್ಕೆ ಇಳಿದಿದ್ದರೆ ಸಮಯ ಎಷ್ಟೇ ಸರಿ ತೋರಿಸಲಿ, ಒಳಗೆ ಏನೋ ಉಳಿದಿದೆ. ಮೂರನೆಯದು ಟಿಕ್‌ಗೂ ಟಾಕ್‌ಗೂ ಇರುವ ಅಂತರದ ವ್ಯತ್ಯಾಸ. ಅದು 1 ಮಿಲಿಸೆಕೆಂಡ್ ಒಳಗಿದ್ದರೆ ಸಾಕು. ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ ಎಂಬ ಕೋನದ ಅಂಕಿಯನ್ನು ಆಯಾ ಮೂವ್‌ಮೆಂಟ್‌ಗೆ ತಕ್ಕಂತೆ ಹೊಂದಿಸದಿದ್ದರೆ ಡಿಗ್ರಿಯ ಅಂಕಿ ಸುಳ್ಳಾಗುತ್ತದೆ, ಅದನ್ನೂ ಕೇಳಿ. ಹೊಸ ಕ್ರೋನೋಮೀಟರ್‌ಗಳ (ನಿಖರತೆಯ ಪರೀಕ್ಷೆ ಪಾಸಾದ ವಾಚುಗಳ) ಮಿತಿ ದಿನಕ್ಕೆ −4ರಿಂದ +6 ಸೆಕೆಂಡ್. ನಿಮ್ಮದು 10 ಸೆಕೆಂಡ್ ಒಳಗೆ ನಡೆದರೆ ಹೆಮ್ಮೆಪಡಿ.

ಇನ್ನು ಯಾರಿಗೆ ಕೊಡುವುದು? ಕಂಪನಿಗೆ ಕೊಟ್ಟರೆ ಅಸಲಿ ಬಿಡಿಭಾಗ, ಸರ್ವಿಸ್ ಮೇಲೆ 2 ವರ್ಷದ ಗ್ಯಾರಂಟಿ ಸಿಗುತ್ತದೆ. ಆದರೆ ವಾಚನ್ನು ಹೊಸದರಂತೆ ಮಾಡಿ ಕೊಡುವುದು ಅವರ ರೂಢಿ. ನೀವು ಬೇಡ ಎನ್ನದಿದ್ದರೆ ಪಾಲಿಶ್ ಆಗಬಹುದು, ಡಯಲ್, ಮುಳ್ಳು ಬದಲಿಸುವ ಮಾತೂ ಬರಬಹುದು. ಈ ವಾಚಿಗೆ ನಾನಾದರೆ ಹಳೆ ಒಮೇಗಾಗಳಲ್ಲಿ ಪಳಗಿದ ಹೊರಗಿನ ಕುಶಲಿಯನ್ನೇ ಹುಡುಕುತ್ತೇನೆ. ಈ ಮೂವ್‌ಮೆಂಟ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರಿಂದ ಹಳೆ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಇತ್ತೀಚಿನ ವಾಚಾಗಿದ್ದರೆ ಕಂಪನಿಗೇ ಕೊಡಿ ಎನ್ನುತ್ತಿದ್ದೆ, ಏಕೆಂದರೆ ಹಲವು ಕಂಪನಿಗಳು ಹೊರಗಿನವರಿಗೆ ಬಿಡಿಭಾಗ ಮಾರುವುದಿಲ್ಲ.

ಯಾರಿಗೇ ಕೊಡಿ, ಈ ಮಾತುಗಳನ್ನು ರಶೀದಿಯಲ್ಲೇ ಬರೆಸಿ: ಪಾಲಿಶ್ ಬೇಡ, ಡಯಲ್ ಮತ್ತು ಮುಳ್ಳು ಬದಲಿಸಬಾರದು, ಕ್ರೌನ್ (ಕೀಲಿ ತಿರುಗಿಸುವ ಗುಂಡಿ) ಬದಲಿಸುವ ಮೊದಲು ಕೇಳಬೇಕು, ತೆಗೆದ ಹಳೆ ಭಾಗಗಳೆಲ್ಲ ವಾಪಸ್ ಬೇಕು. ಕೊಡುವಾಗ ಅವರಿಂದಲೇ ಹಿಂಬದಿ ಮುಚ್ಚಳ ತೆಗೆಸಿ, ಮೂವ್‌ಮೆಂಟ್ ನಂಬರ್ ಕಾಣುವಂತೆ ಫೋಟೋ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಮುಳ್ಳಿನ ಮೇಲೆ, ಗಂಟೆಯ ಗುರುತುಗಳ ಪಕ್ಕ ಹೊಳೆಯುವ ಬಣ್ಣ ಕಂದಾಗಿದ್ದರೆ ಅದನ್ನು ಕೆರೆಯಬೇಡಿ, ಮನೆಯಲ್ಲಿ ಬಿಚ್ಚಲೂ ಬೇಡಿ. 1960ರ ದಶಕದ ಆರಂಭದವರೆಗೆ ಈ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಬಳಕೆಯಲ್ಲಿತ್ತು. ಬಣ್ಣ ಹೊಳೆಯುವುದು ನಿಂತಿದ್ದರೂ ವಿಕಿರಣ ನಿಂತಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅದರ ಪುಡಿ ಮೂಗಿಗೆ ಹೋಗುವುದೇ ಅಪಾಯ. ಡಯಲ್‌ನ ಕೆಳತುದಿಯಲ್ಲಿ ಸ್ವಿಸ್ ಎಂಬ ಹೆಸರಿನ ಎರಡೂ ಬದಿ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ ಎಂಬ ಬೇರೆ ವಿಕಿರಣ ವಸ್ತು. ಅದರ ಅರ್ಧಾಯುಷ್ಯ 12 ವರ್ಷದ ಆಸುಪಾಸು, ಇಷ್ಟರಲ್ಲಿ ಬಹುಪಾಲು ಇಳಿದಿರುತ್ತದೆ. ರಿಪೇರಿಯವರಿಗೂ ಮೊದಲೇ ತಿಳಿಸಿ.

ಸರ್ವಿಸ್ ಆದ ಮೇಲೂ ನೀರಿನಿಂದ ದೂರ ಇಡಿ. ನೀರು ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿದರೂ 60 ವರ್ಷದ ಕೇಸನ್ನು ನಂಬಬೇಡಿ. ಮುಂದೆ ಎಂದಾದರೂ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಗಾಬರಿ ಬೇಡ, ಸ್ಪೀಕರ್ ಅಥವಾ ಬ್ಯಾಗಿನ ಆಯಸ್ಕಾಂತ ತಾಗಿ ಬ್ಯಾಲೆನ್ಸ್ ಚಕ್ರದ ಹೇರ್‌ಸ್ಪ್ರಿಂಗ್ ಎಂಬ ತೆಳು ಸ್ಪ್ರಿಂಗಿನ ಸುರುಳಿಗಳು ಅಂಟಿಕೊಂಡಿರಬಹುದು. ಕಾಂತತ್ವ ತೆಗೆಯುವುದು ಕೆಲವೇ ಕ್ಷಣದ ಕೆಲಸ.

ಸದ್ಯಕ್ಕೆ ಆ ಪರೀಕ್ಷೆಯೊಂದನ್ನು ಬಿಟ್ಟು ವಾಚನ್ನು ಓಡಿಸಬೇಡಿ, ಒಣಗಿದ ಎಣ್ಣೆಯಲ್ಲಿ ಓಡಿದಷ್ಟೂ ಸವೆತ. ಎಷ್ಟು ಗಂಟೆ ಓಡಿತು ಎಂದು ಇಲ್ಲೇ ಹಾಕಿ, ಜೊತೆಗೆ ಡಯಲ್‌ನ ಕೆಳತುದಿಯ ಹತ್ತಿರದ ಫೋಟೋ ಒಂದು. ನೋಡಿ ಹೇಳುತ್ತೇನೆ.