ಎಂಟು ಸಾವಿರದೊಳಗೆ ಮನೆಗೊಂದು ಹಾಡಿನ ಸರ್ವರ್ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ಸರ್ವರ್ ಅಂದರೆ ಮನೆಯ ಹಾಡುಗಳನ್ನೆಲ್ಲ ಒಂದೇ ಕಡೆ ಇಟ್ಟು ಎಲ್ಲರ ಫೋನಿಗೂ ಕಳಿಸುವ ಕಂಪ್ಯೂಟರ್, ಅಷ್ಟೆ. ಚಿಂತಾಮಣಿಯ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಓಡುತ್ತಿದೆ.

ನೀವು ಹೇಳಿರುವ ಪ್ರಕಾರ ಮನೆ ಶಿಡ್ಲಘಟ್ಟದ ಹತ್ತಿರ ಹಳ್ಳಿಯಲ್ಲಿದೆ. ಒಂದು ಹಳೆ ಡೆಸ್ಕ್‌ಟಾಪ್ ಇದೆ, ತಮ್ಮನ ಸ್ಕ್ರೀನ್ ಒಡೆದ ಲ್ಯಾಪ್‌ಟಾಪ್ ಇದೆ, ಅಪ್ಪನ ಎರಡು ಪೆಟ್ಟಿಗೆ ಕ್ಯಾಸೆಟ್ ಇವೆ. ಮನೆಯವರೆಲ್ಲ ತಮ್ಮ ತಮ್ಮ ಫೋನಿನಲ್ಲಿ ಆ ಹಾಡು ಕೇಳಬೇಕು. ಕೈಯಲ್ಲಿರುವುದು ಎಂಟು ಸಾವಿರ. ಇದಕ್ಕೆ ಹೊಸ ಕಂಪ್ಯೂಟರ್ ತೆಗೆದುಕೊಳ್ಳಬೇಕಾ ಅಂತ ಕೇಳಿದ್ದೀರಿ.

ಬೇಡ. ಕಂಪ್ಯೂಟರಿಗೆ ಒಂದು ರೂಪಾಯಿಯೂ ಹಾಕಬೇಡಿ. ದುಡ್ಡೆಲ್ಲ ಡಿಸ್ಕಿಗೆ ಇಟ್ಟುಕೊಳ್ಳಿ, ಸಮಯವೆಲ್ಲ ಕ್ಯಾಸೆಟ್ಟಿಗೆ ಇಟ್ಟುಕೊಳ್ಳಿ. ಸಿನಿಮಾ ಹಾಡು ಯಾವ ಆ್ಯಪ್‌ನಲ್ಲಾದರೂ ಸಿಗುತ್ತದೆ. ಅಪ್ಪನ ಪೆಟ್ಟಿಗೆಯಲ್ಲಿ ಇರುವುದು ಬೇರೆಲ್ಲೂ ಸಿಗುವುದಿಲ್ಲ, ಅಲ್ವಾ?

ಹಾಡು ಕಳಿಸುವುದು ಕಂಪ್ಯೂಟರಿಗೆ ತೀರಾ ಸಣ್ಣ ಕೆಲಸ. ಸಿಡಿಯಲ್ಲಿರುವ ಹಾಡನ್ನು ಸ್ವಲ್ಪವೂ ಕುಗ್ಗಿಸದೆ ಕಳಿಸಿದರೂ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಎಂಬ ಮಾದರಿಯ ಫೈಲ್ ಮಾಡಿದರೆ ಇನ್ನೂ ಕಡಿಮೆ, ದನಿಯಲ್ಲಿ ಏನೂ ಕಳೆಯುವುದೂ ಇಲ್ಲ. ಹತ್ತು ಹದಿನೈದು ವರ್ಷದ ಹಿಂದಿನ ಲ್ಯಾಪ್‌ಟಾಪ್, 2 ಜಿಬಿ ರ್‍ಯಾಮ್ ಇದ್ದರೂ ನಾಲ್ಕೈದು ಫೋನಿಗೆ ಒಟ್ಟಿಗೇ ಹಾಡು ಕಳಿಸುತ್ತದೆ. ಪ್ರೊಸೆಸರ್ 64 ಬಿಟ್ ಆಗಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಇದಕ್ಕೆ ಹಾಕುವುದು ಡೆಬಿಯನ್ ಎಂಬ ಉಚಿತ ಲಿನಕ್ಸ್, ಅದರ 13ನೇ ಆವೃತ್ತಿಯಿಂದ ಹಳೆಯ 32 ಬಿಟ್ ಕಂಪ್ಯೂಟರಿಗೆ ಇನ್‌ಸ್ಟಾಲರ್ ಬರುತ್ತಿಲ್ಲ. ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರ್ ಆಗಿದ್ದರೂ 64 ಬಿಟ್ಟೇ, ಚಿಂತೆಯಿಲ್ಲ.

ಹಾಗಾದರೆ ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ? ಇಲ್ಲಿ ಕರೆಂಟಿನ ಲೆಕ್ಕ ಹಾಕಬೇಕು. ಹಳೆ ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 60 ವ್ಯಾಟ್ ಎಳೆಯುತ್ತದೆ. ಹಗಲೂ ರಾತ್ರಿ ಇಟ್ಟರೆ ತಿಂಗಳಿಗೆ 43 ಯೂನಿಟ್. ಸ್ಕ್ರೀನ್ ಆಫ್ ಇರುವ ಲ್ಯಾಪ್‌ಟಾಪ್ 12 ವ್ಯಾಟ್ ಆಸುಪಾಸು, ಅಂದರೆ ತಿಂಗಳಿಗೆ 9 ಯೂನಿಟ್ ಒಳಗೆ. ಗೃಹಜ್ಯೋತಿ ಇರುವ ಮನೆಗಳಲ್ಲಿ ಇದು ದೊಡ್ಡ ವಿಷಯ. 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಸರ್ಕಾರ ಮಿತಿ ಹಾಕಿದೆ. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಆಗ 43 ಯೂನಿಟ್ ಹೊಸದಾಗಿ ಸೇರಿಕೊಂಡರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. 9 ಯೂನಿಟ್ ಆದರೆ ಗೊತ್ತೇ ಆಗುವುದಿಲ್ಲ.

ಲ್ಯಾಪ್‌ಟಾಪಿಗೆ ಇನ್ನೊಂದು ಅನುಕೂಲ ಇದೆ. ಬ್ಯಾಟರಿ ಅರ್ಧ ಗಂಟೆ ನಿಂತರೂ ಸಾಕು, ಕರೆಂಟ್ ಹೋಗಿ ಬಂದು ಮಾಡುವಾಗ ಯುಪಿಎಸ್ ಬೇಕಿಲ್ಲ. ಬ್ಯಾಟರಿ ಊದಿದ್ದರೆ ಮಾತ್ರ ಮೊದಲು ಅದನ್ನು ತೆಗೆಸಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ತಳ ನೆಲಕ್ಕೆ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿದೆ ಅಂತಲೇ ಅರ್ಥ. ಅಂಥದ್ದನ್ನು ದಿನವಿಡೀ ಪ್ಲಗ್ಗಿಗೆ ಹಾಕಿಡುವುದು ಅಪಾಯ.

ಸ್ಕ್ರೀನ್ ಒಡೆದಿರುವುದು ತೊಂದರೆಯಲ್ಲ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಹಾಕಿ ಡೆಬಿಯನ್ ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್ ಪರದೆ ಬೇಡ ಅಂತ ಗುರುತು ತೆಗೆಯಿರಿ, ದೂರದಿಂದಲೇ ಕೆಲಸ ಮಾಡಲು ಬಿಡುವ ಎಸ್‌ಎಸ್‌ಎಚ್ ಬೇಕು ಅಂತ ಹಾಕಿ. ಆಮೇಲೆ ಎಲ್ಲವನ್ನೂ ಇನ್ನೊಂದು ಕಂಪ್ಯೂಟರಿನಿಂದಲೋ ಫೋನಿನಿಂದಲೋ ಮಾಡಬಹುದು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ, ಡೆಬಿಯನ್‌ನಲ್ಲಿರುವ ಲಾಗಿನ್‌ಡಿ ಎಂಬುದರ ಸೆಟ್ಟಿಂಗ್ ಫೈಲಿನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ ಎಂಬ ಸಾಲಿಗೆ ಇಗ್ನೋರ್ ಅಂತ ಕೊಟ್ಟರೆ ಹೋಗುವುದಿಲ್ಲ. ರೂಟರ್‌ನಲ್ಲಿ ಈ ಲ್ಯಾಪ್‌ಟಾಪಿಗೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ಮಾಡಿ. ರೂಟರ್ ಪಕ್ಕದಲ್ಲೇ ಇಟ್ಟು ಕೇಬಲ್ ಹಾಕುವುದು ಒಳ್ಳೆಯದು.

ಸಾಫ್ಟ್‌ವೇರ್ ಹೆಚ್ಚು ಹುಡುಕಬೇಡಿ. ನ್ಯಾವಿಡ್ರೋಮ್ ಹಾಕಿ. ಉಚಿತ, ತುಂಬ ಹಗುರ. ಹಾಡಿನ ಫೋಲ್ಡರ್ ಎಲ್ಲಿದೆ ಅಂತ ತೋರಿಸಿದರೆ ಅದೇ ಓದಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಆ ಐಪಿ ವಿಳಾಸ, ಒಂದು ಕೋಲನ್, ಆಮೇಲೆ 4533 ಅಂತ ಹಾಕಿದರೆ ಹಾಡಿನ ಪಟ್ಟಿ ಬರುತ್ತದೆ. ಫೋನಿನಲ್ಲಿ ಸಬ್‌ಸಾನಿಕ್ ಎಂಬ ಹಾಡಿನ ಸರ್ವರ್ ಜೊತೆ ಕೆಲಸ ಮಾಡುವ ಯಾವ ಆ್ಯಪ್ ಆದರೂ ನಡೆಯುತ್ತದೆ. ನಮ್ಮಮ್ಮನ ಫೋನಿನಲ್ಲಿ ಅಲ್ಟ್ರಾಸಾನಿಕ್ ಇದೆ, ದುಡ್ಡು ಕೊಡಬೇಕಿಲ್ಲ. ಜೆಲ್ಲಿಫಿನ್ ಕೂಡ ಚೆನ್ನಾಗಿದೆ, ಆದರೆ ಅದು ಸಿನಿಮಾ, ವಿಡಿಯೊಗೂ ಸೇರಿಸಿ ಮಾಡಿದ್ದು. ಬರೀ ಹಾಡಿಗೆ ಅಷ್ಟು ಭಾರ ಬೇಕಿಲ್ಲ.

ಈಗ ಕ್ಯಾಸೆಟ್. ನಿಮ್ಮ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ನಮ್ಮ ಮನೆಯಲ್ಲಿ ಇದ್ದದ್ದು 74 ಕ್ಯಾಸೆಟ್. ಹೆಚ್ಚಿನವು ತಾತನ ಭಜನೆ ಮಂಡಳಿಯವರು ಹಾಡಿದ್ದು. ಕೈವಾರ ನಮಗೆ ಹತ್ತಿರ. ಅಲ್ಲಿನ ಸಂತಕವಿ ಯೋಗಿ ನಾರೇಯಣ ತಾತಯ್ಯನವರ ಕೀರ್ತನೆ, ತತ್ವಪದಗಳನ್ನು ನಮ್ಮ ಕಡೆ ಕನ್ನಡದಲ್ಲೂ ತೆಲುಗಿನಲ್ಲೂ ಹಾಡುತ್ತಾರೆ, ಒಂದೇ ರಾತ್ರಿ, ಒಂದೇ ತಾಳ, ಎರಡು ಭಾಷೆ. ಪ್ರತಿ ಊರಿನ ಮಂಡಳಿಗೂ ಅದರದ್ದೇ ಒಂದು ಧಾಟಿ ಇರುತ್ತದೆ. ನಮ್ಮೂರಿನ ಧಾಟಿ ಹಾಡುತ್ತಿದ್ದವರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ. ಆ ಧಾಟಿ ಪೂರ್ತಿಯಾಗಿ ಇರುವುದು ಕ್ಯಾಸೆಟ್ಟಿನಲ್ಲಿ ಮಾತ್ರ.

60 ನಿಮಿಷದ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಲು 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ದಿನಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು, ಅದನ್ನು ಬೇರೆ ಇಡಿ. ಪ್ಲೇಯರ್‌ಗೆ ಹಾಕಿದರೆ ಹೆಡ್‌ಗೆ ಅಂಟಿ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ನಿಮ್ಮ ಕಡೆ ರೇಷ್ಮೆ ಮನೆಗಳು ಜಾಸ್ತಿ ಇರುವುದರಿಂದ ಹೇಳುತ್ತೇನೆ, ಹುಳು ಸಾಕುವ ಮನೆಯಲ್ಲಿ ತೇವ ಬೇಕೇ ಬೇಕು, ಕ್ಯಾಸೆಟ್ಟಿಗೂ ಕಂಪ್ಯೂಟರಿಗೂ ಅದೇ ಶತ್ರು. ಎರಡನ್ನೂ ಅಲ್ಲಿ ಇಡಬೇಡಿ. ಟೇಪಿನ ಹಿಂದೆ ಒಂದು ಸಣ್ಣ ಸ್ಪಂಜಿನ ತುಂಡು ಇರುತ್ತದೆ, ಅದು ಬಿದ್ದುಹೋಗಿದ್ದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಸ್ಕ್ರೂ ಇರುವ ಹಾಳು ಕ್ಯಾಸೆಟ್ ಒಂದು ಸಿಕ್ಕರೆ ಅದನ್ನು ಬಿಚ್ಚಿ, ನಿಮ್ಮ ಟೇಪಿನ ಸುರುಳಿಗಳನ್ನು ಅದಕ್ಕೆ ಹಾಕಬಹುದು. ನಿಧಾನವಾಗಿ ಮಾಡಬೇಕಷ್ಟೆ.

ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಹಾಗೇ ಇದ್ದ ಟೇಪ್ ಬಿಗಿಯಾಗಿ ಕೂತಿರುತ್ತದೆ. ಪ್ಲೇಯರ್‌ನ ಹೆಡ್ಡನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಇಷ್ಟಾದರೂ ದನಿ ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ನೋಡಿ. ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿದರೆ ತಾಳದ ಸದ್ದು ಇದ್ದಕ್ಕಿದ್ದಂತೆ ಸ್ಪಷ್ಟವಾಗುವ ಒಂದು ಜಾಗ ಸಿಗುತ್ತದೆ. ಮೊದಲ ಸಲ ಅದು ಸಿಕ್ಕಾಗ ನನಗೆ ಮೈ ಜುಮ್ಮೆಂದಿತು. ತಾತನ ಪಕ್ಕ ಕೂತವರ ದನಿಯೂ ಬೇರೆ ಬೇರೆಯಾಗಿ ಕೇಳಿತು.

ಪ್ಲೇಯರ್‌ನಿಂದ ತಂತಿಯನ್ನು ಕಂಪ್ಯೂಟರಿನ ಲೈನ್ ಇನ್‌ಗೆ, ಅಂದರೆ ಹೊರಗಿನ ಪ್ಲೇಯರ್‌ನ ದನಿ ತೆಗೆದುಕೊಳ್ಳುವ ತೂತಿಗೆ ಹಾಕಬೇಕು. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಹಾಕಬೇಡಿ. ಅದು ಮೈಕಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೋನೊ ಬೇರೆ. ದನಿ ಒಡೆಯುತ್ತದೆ. ರೆಕಾರ್ಡಿಂಗ್‌ಗೆ ಆಡಾಸಿಟಿ ಸಾಕು. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ, ಮತ್ತೆ ರೆಕಾರ್ಡ್ ಮಾಡಬೇಕು.

ಗೊರಗೊರ ಸದ್ದು ತೆಗೆಯಲು ಹೋಗಿ ಜಾಸ್ತಿ ಉಜ್ಜಬೇಡಿ. ನಾಯ್ಸ್ ರಿಡಕ್ಷನ್ ಹೆಚ್ಚಾದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ. ಮೊದಲು ಇಳಿಸಿದ್ದನ್ನು ಹಾಗೆಯೇ ಫ್ಲ್ಯಾಕ್ ಮಾಡಿ ಇಡಿ. ತಿದ್ದುವುದೇನಿದ್ದರೂ ಅದರ ನಕಲಿನಲ್ಲಿ. ಹಾಡಿನ ನಡುವಿನ ಮಾತುಗಳನ್ನೂ ಕತ್ತರಿಸಬೇಡಿ. ನಮ್ಮ ಒಂದು ಕ್ಯಾಸೆಟ್ಟಿನಲ್ಲಿ ಪದ ಮುಗಿದ ಮೇಲೆ ತಾತ ಅಜ್ಜಿಯನ್ನು ಕೂಗಿ ನೀರು ಕೇಳುತ್ತಾರೆ. ನಮ್ಮಮ್ಮ ಹಾಡಿಗಿಂತ ಅದನ್ನೇ ಹೆಚ್ಚು ಸಲ ಕೇಳಿದ್ದಾರೆ.

ಹೆಸರಿಡುವುದರ ಬಗ್ಗೆ ಹೇಳಲೇಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಅಷ್ಟಾಗಿ ಬಾರದ ತೊಂದರೆಯೊಂದು ಕನ್ನಡದಲ್ಲಿ ಬರುತ್ತದೆ. ಲಿನಕ್ಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಒಂದೊಂದು ಗುರುತಿಗೆ ಮೂರು ಬೈಟ್. 'ಕ್ಷಿ' ನೋಡಿ, ಕಣ್ಣಿಗೆ ಒಂದೇ ಅಕ್ಷರ, ಒಳಗೆ ನಾಲ್ಕು ಗುರುತು, 12 ಬೈಟ್. ಹಾಗಾಗಿ 85 ಗುರುತಿಗೇ ಹೆಸರು ಮುಗಿಯಿತು. ಹಾಡಿನ ಉದ್ದದ ಮೊದಲ ಸಾಲನ್ನೇ ಫೈಲಿನ ಹೆಸರು ಮಾಡಿದರೆ ನಕಲು ಮಾಡುವಾಗ ತಪ್ಪು ತೋರಿಸಬಹುದು. ನಾನು ಫೈಲಿನ ಹೆಸರನ್ನು ಚಿಕ್ಕದಾಗಿ, ಕ್ಯಾಸೆಟ್ ನಂಬರ್, ಬದಿ, ಹಾಡಿನ ನಂಬರ್ ಅಂತ ಇಡುತ್ತೇನೆ. ಪೂರ್ತಿ ಹೆಸರು, ಹಾಡಿದವರು, ಊರು, ನೆನಪಿದ್ದರೆ ವರ್ಷ, ಎಲ್ಲವೂ ಟ್ಯಾಗ್‌ನಲ್ಲಿ, ಅಂದರೆ ಫೈಲಿನೊಳಗೇ ಬರೆದಿಡುವ ವಿವರದಲ್ಲಿ. ನ್ಯಾವಿಡ್ರೋಮ್ ತೋರಿಸುವುದೂ ಟ್ಯಾಗ್‌ನಲ್ಲಿ ಇರುವುದನ್ನೇ. ಟ್ಯಾಗ್ ಬರೆಯಲು ಪಿಕಾರ್ಡ್ ಎಂಬ ಸಾಫ್ಟ್‌ವೇರ್ ಇದೆ.

ಒಬ್ಬರ ಹೆಸರನ್ನು ಒಂದೇ ಥರ ಬರೆಯಿರಿ. ಒಂದು ಕಡೆ 'ಕೈವಾರ ತಾತಯ್ಯ', ಇನ್ನೊಂದು ಕಡೆ 'ಯೋಗಿ ನಾರೇಯಣ' ಅಂತ ಬರೆದರೆ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ. ಆಲ್ಬಮ್ ಆರ್ಟಿಸ್ಟ್ ಜಾಗವನ್ನು ಖಾಲಿ ಬಿಟ್ಟರೆ ಒಂದೇ ಕ್ಯಾಸೆಟ್ ಹತ್ತು ಚೂರಾಗಿ ಕಾಣಬಹುದು. ಅಲ್ಲಿ ಮಂಡಳಿಯ ಹೆಸರು ಹಾಕಿ. ಹಳೆಯ ಎಂಪಿ3 ಫೈಲುಗಳಲ್ಲಿ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಂಡರೆ ಅದು ಹಳೆ ನುಡಿ ಫಾಂಟಿನಲ್ಲಿ ಬರೆದದ್ದು ಇರಬಹುದು. ಯೂನಿಕೋಡ್‌ಗೆ ಬದಲಾಯಿಸಿ ಹಾಕಿದರೆ ಸರಿಹೋಗುತ್ತದೆ.

ಡಿಸ್ಕಿನ ವಿಷಯದಲ್ಲಿ ನನಗೆ ಆದದ್ದು ನಿಮಗೆ ಆಗಬಾರದು. ಮೊದಲು ನಾನು ಎಲ್ಲವನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟಿದ್ದೆ. ಒಂದು ಬೇಸಿಗೆಯಲ್ಲಿ ಅದು ಟಕ್ ಟಕ್ ಅಂತ ಸದ್ದು ಮಾಡಲು ಶುರು ಮಾಡಿತು. ಎರಡನೇ ದಿನ ಓಪನ್ ಆಗಲೇ ಇಲ್ಲ. ಎರಡು ತಿಂಗಳ ಕೆಲಸ ಹೋಯಿತು. ಹೆಚ್ಚಿನವನ್ನು ಮತ್ತೆ ಇಳಿಸಿದೆ. ಎರಡು ಕ್ಯಾಸೆಟ್ ಮಾತ್ರ ಎರಡನೇ ಸಲ ಹಾಕುವಾಗ ಸುಕ್ಕಾಗಿ ಸಿಕ್ಕಿಕೊಂಡವು. ಅದರಲ್ಲಿದ್ದ ಒಂದು ಪದ ಈಗ ಯಾರ ಹತ್ತಿರವೂ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಎರಡು ಡಿಸ್ಕ್ ಅಂತ ಹೇಳುತ್ತಿರುವುದು. ಕ್ಯಾಸೆಟ್‌ನಿಂದ ಇಳಿಸಿದ ಫ್ಲ್ಯಾಕ್ ಗಂಟೆಗೆ ಸುಮಾರು 300ರಿಂದ 400 ಎಂಬಿ. ಎರಡು ಪೆಟ್ಟಿಗೆ ಅಂದರೆ ನೂರು ಕ್ಯಾಸೆಟ್ ಇದ್ದರೂ 40 ಜಿಬಿ ಆಸುಪಾಸು. ದೊಡ್ಡ ಡಿಸ್ಕ್ ಬೇಡ. ಲ್ಯಾಪ್‌ಟಾಪ್ ಒಳಗೆ ಒಂದು ಸಣ್ಣ ಎಸ್‌ಎಸ್‌ಡಿ, ಹೊರಗೆ ಒಂದು ಸಾಧಾರಣ ಹಾರ್ಡ್‌ಡಿಸ್ಕ್. ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾತ್ರ ಬೇಡ. ಪೆನ್‌ಡ್ರೈವನ್ನು ಬ್ಯಾಕಪ್ ಅಂತ ನಂಬಬೇಡಿ. ಒಂದು ಡಿಸ್ಕ್ ಸರ್ವರ್‌ನಲ್ಲೇ ಇರಲಿ. ಇನ್ನೊಂದಕ್ಕೆ ವಾರಕ್ಕೊಮ್ಮೆ ಆರ್‌ಸಿಂಕ್ ಎಂಬ ನಕಲು ಮಾಡುವ ಸಾಫ್ಟ್‌ವೇರ್‌ನಿಂದ ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿ ಇಡಿ. ನಮ್ಮದು ಇನ್ನೊಂದು ನಕಲು ಕೋಲಾರದಲ್ಲಿ ಅಕ್ಕನ ಮನೆಯಲ್ಲಿದೆ, ಹಬ್ಬಕ್ಕೆ ಬಂದಾಗ ಹೊಸದನ್ನು ಸೇರಿಸಿ ಕಳಿಸುತ್ತೇನೆ.

ಅಕ್ಕ ಅಲ್ಲಿಂದಲೇ ಫೋನಿನಲ್ಲೂ ಕೇಳುತ್ತಾಳೆ. ಅದಕ್ಕೆ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ, ಊರವರಿಗೆಲ್ಲ ಬಾಗಿಲು ತೆಗೆದಂತೆ. ದೂರದ ಫೋನು, ಕಂಪ್ಯೂಟರುಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಅಂತ ಇದೆ, ಮನೆ ಬಳಕೆಗೆ ಉಚಿತ. ಎರಡೂ ಕಡೆ ಹಾಕಿಕೊಂಡರೆ ಮನೆಯ ವೈಫೈನಲ್ಲೇ ಇದ್ದ ಹಾಗೆ ನಡೆಯುತ್ತದೆ. ಡೇಟಾ ಉಳಿಸಬೇಕು ಅಂದರೆ ನ್ಯಾವಿಡ್ರೋಮ್‌ನಲ್ಲಿ ಅವಳ ಫೋನಿಗೆ ಮಾತ್ರ ಓಪಸ್ ಎಂಬ ಚಿಕ್ಕ ಮಾದರಿಗೆ ಕುಗ್ಗಿಸಿ ಕಳಿಸು ಅಂತ ಹೇಳಬಹುದು.

ನಿಮ್ಮ ಡೆಸ್ಕ್‌ಟಾಪನ್ನು ಮಾರಬೇಡಿ. ಹಗಲೂ ರಾತ್ರಿ ಓಡಿಸಲು ಅದು ಬೇಡ, ಆದರೆ ದಿನಕ್ಕೆ ಒಂದು ಗಂಟೆ ಕ್ಯಾಸೆಟ್ ಇಳಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಹಿಂದುಗಡೆ ಮೂರು ಬಣ್ಣದ ತೂತು ಇರುತ್ತವೆ. ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕಿಗೆ, ನೀಲಿ ಲೈನ್ ಇನ್. ನೀಲಿ ಇದೆಯಾ ಅಂತ ನೋಡಿ ಇಲ್ಲೇ ಬರೆಯಿರಿ. ಇದ್ದರೆ ಯುಎಸ್‌ಬಿ ಸೌಂಡ್ ಕಾರ್ಡಿನ ದುಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಲೈನ್ ಇನ್ ಇರುವಂಥದ್ದು ಯಾವುದು ತೆಗೆದುಕೊಳ್ಳಬೇಕು ಅಂತ ಹೇಳುತ್ತೇನೆ.